ಮೈನಸ್ ಚಳಿಗೆ ಸ್ಲೀಪಿಂಗ್ ಬ್ಯಾಗ್ ಆರಿಸುವುದು ಹೇಗೆ?

ಬ್ಯಾಗಿನ ಹೆಸರಿನ ಜೊತೆ ದೊಡ್ಡಕ್ಷರದಲ್ಲಿ ‘-20’ ಎಂದಿದ್ದ ಮಾತ್ರಕ್ಕೆ ಕೊಳ್ಳಬೇಡಿ. ಲೇಬಲ್ ಹುಡುಕಿ ಓದಿ. ಸ್ಲೀಪಿಂಗ್ ಬ್ಯಾಗ್ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 23537 ಪ್ರಕಾರ (ಹಳೆಯ ಬ್ಯಾಗುಗಳಲ್ಲಿ ಯುರೋಪಿನ ಇಎನ್ 13537) ಪರೀಕ್ಷೆಯಾಗಿದ್ದರೆ ಅಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಅಂಕಿಗಳು ಇರುತ್ತವೆ. ಕಂಫರ್ಟ್ ಎಂದರೆ ಚಳಿ ಬೇಗ ತಾಗುವವರೂ ಮೈಚಾಚಿ ನಿದ್ದೆ ಮಾಡಬಹುದಾದ ತಾಪಮಾನ. ಲಿಮಿಟ್‌ನಲ್ಲಿ ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಹುದು. ಎಕ್ಸ್‌ಟ್ರೀಮ್ ಅಂತೂ ಜೀವ ಉಳಿಸಿಕೊಳ್ಳುವ ಲೆಕ್ಕ, ಅದನ್ನು ನೋಡಿ ಕೊಳ್ಳುವುದು ಮೂರ್ಖತನ. ಹೆಸರಿನಲ್ಲಿರುವ ಅಂಕಿ ಹಲವು ಬಾರಿ ಲಿಮಿಟ್‌ನದೇ ಆಗಿರುತ್ತದೆ. ನಿರೀಕ್ಷಿಸುವ ಕನಿಷ್ಠ ತಾಪಮಾನಕ್ಕಿಂತ ಐದಾರು ಡಿಗ್ರಿ ಕಡಿಮೆ ಕಂಫರ್ಟ್ ಇರುವುದನ್ನು ಆರಿಸಿ. ದಣಿವು, ಹಸಿವು, ತೇವ ಇವೆಲ್ಲ ಆ ಅಂತರವನ್ನು ಬೇಗ ತಿಂದುಹಾಕುತ್ತವೆ.

ಬ್ಯಾಗಿನ ಅಡಿಗೆ ಹಾಸುವ ಮ್ಯಾಟ್ ವಿಚಾರ ಮರೆತರೆ ಮೇಲಿನ ಅಂಕಿಗಳಿಗೆ ಅರ್ಥವೇ ಇಲ್ಲ. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಚಪ್ಪಟೆಯಾಗಿ, ಅಲ್ಲಿನ ಗಾಳಿ ಹೊರಟುಹೋಗುತ್ತದೆ. ಆಮೇಲೆ ನೆಲದ ಚಳಿಯನ್ನು ತಡೆಯುವುದು ಮ್ಯಾಟ್ ಮಾತ್ರ. ಹಿಮದ ಮೇಲೆ ಮಲಗುವುದಾದರೆ ಮ್ಯಾಟ್‌ನ ಆರ್-ವ್ಯಾಲ್ಯೂ (ಚಳಿ ತಡೆಯುವ ಶಕ್ತಿಯ ಅಂಕಿ) ಕನಿಷ್ಠ 5 ಇರಲಿ, ಕಡು ಚಳಿಗೆ 6-7. ಎರಡು ಮ್ಯಾಟ್ ಹಾಸಿದರೆ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ. ಗಾಳಿ ತುಂಬುವ ಮ್ಯಾಟ್ ಜೊತೆ ಒಂದು ಫೋಮ್ ಮ್ಯಾಟ್ ಇದ್ದರೆ, ಮೊದಲನೆಯದು ತೂತಾದರೂ ರಾತ್ರಿ ಕಳೆಯಬಹುದು.

ಬ್ಯಾಗಿನೊಳಗೆ ತುಂಬುವುದರಲ್ಲಿ, ಒಣ ಚಳಿಗೆ ಡೌನ್ (ಬಾತು, ಹೆಬ್ಬಾತುಗಳ ಮೃದು ತುಪ್ಪಳ) ಒಳ್ಳೆಯದು: ಹಗುರ, ಚಿಕ್ಕದಾಗಿ ಮಡಚಬಹುದು. ಆದರೆ ನೆನೆದರೆ ಗಂಟುಗಟ್ಟಿ ನಿರುಪಯೋಗಿ. ಸಿಂಥೆಟಿಕ್ (ಕೃತಕ ನಾರು) ಭಾರ ಹೆಚ್ಚು, ತೇವದಲ್ಲೂ ಸ್ವಲ್ಪ ಬೆಚ್ಚಗಿಡುತ್ತದೆ. ಡೌನ್ ಕೊಳ್ಳುವಾಗ ಫಿಲ್ ಪವರ್ (ನಿಗದಿತ ತೂಕದ ಡೌನ್ ಎಷ್ಟು ಉಬ್ಬುತ್ತದೆ ಎಂಬ ಅಂಕಿ) ಒಂದನ್ನೇ ನೋಡಿ ಮೋಸಹೋಗುವವರು ಬಹಳ. ಅದು ಗುಣಮಟ್ಟ ಮಾತ್ರ, ಪ್ರಮಾಣವಲ್ಲ. 850 ಫಿಲ್‌ನ 400 ಗ್ರಾಂಗಿಂತ 650 ಫಿಲ್‌ನ 900 ಗ್ರಾಂ ಹೆಚ್ಚು ಉಬ್ಬುತ್ತದೆ, ಹೆಚ್ಚು ಬೆಚ್ಚಗಿರುತ್ತದೆ. ಹೊಲಿಗೆಯನ್ನೂ ಗಮನಿಸಿ: ಒಳ-ಹೊರ ಬಟ್ಟೆಯನ್ನು ನೇರವಾಗಿ ಸೇರಿಸಿ ಹೊಲಿದಿದ್ದರೆ ಪ್ರತಿ ಹೊಲಿಗೆಯ ಸಾಲಿನಲ್ಲೂ ಚಳಿ ನುಗ್ಗುತ್ತದೆ. ಎರಡರ ನಡುವೆ ಬಟ್ಟೆಯ ಗೋಡೆಯಿಟ್ಟ ಕೋಣೆಗಳೇ ಬೇಕು.

ಅಂಗಡಿಯಲ್ಲೇ ಒಳಗೆ ಮಲಗಿ ನೋಡಿ. ಹುಡ್‌ನ ದಾರ ಎಳೆದರೆ ಮೂಗು-ಬಾಯಿ ಮಾತ್ರ ಹೊರಗಿರಬೇಕು. ಕುತ್ತಿಗೆ ಸುತ್ತ ದಪ್ಪ ಕಾಲರ್, ಜಿಪ್‌ನ ಉದ್ದಕ್ಕೂ ಒಳಗಡೆ ತುಂಬಿದ ಪಟ್ಟಿ ಇರಬೇಕು. ಕೈಗವಸು ಹಾಕಿಕೊಂಡೇ ಜಿಪ್ ಎಳೆಯಿರಿ, ಬಟ್ಟೆಗೆ ಸಿಕ್ಕಿಕೊಳ್ಳುತ್ತಿದ್ದರೆ ಬೇರೆ ಬ್ಯಾಗ್ ನೋಡಿ. ಪಾದ ತುದಿಗೆ ಒತ್ತಿದರೆ ಅಲ್ಲಿ ತುಂಬಿದ್ದು ಚಪ್ಪಟೆಯಾಗಿ ಬೆರಳು ಮರಗಟ್ಟುತ್ತದೆ. ಅತಿ ದೊಡ್ಡದಾದರೆ ಖಾಲಿ ಜಾಗವನ್ನೆಲ್ಲ ನಿಮ್ಮ ಮೈಯೇ ಕಾಯಿಸಬೇಕು. ಬೂಟಿನ ಒಳಪದರ, ನೀರಿನ ಬಾಟಲಿ, ಬ್ಯಾಟರಿ ಹೆಪ್ಪುಗಟ್ಟದಂತೆ ಒಳಗಿಡುವಷ್ಟು ಜಾಗವಿದ್ದರೆ ಸಾಕು.

ಹಲವು ದಿನಗಳ ಶಿಬಿರದಲ್ಲಿ ನಿಜವಾದ ಶತ್ರು ತೇವ. ಮೈಯಿಂದ ಹೊರಡುವ ಆವಿ ಬ್ಯಾಗಿನ ಹೊರಪದರದಲ್ಲಿ ಹೆಪ್ಪುಗಟ್ಟಿ, ದಿನದಿನಕ್ಕೂ ಭಾರ ಹೆಚ್ಚಿ ಬಿಸುಪು ಕಡಿಮೆಯಾಗುತ್ತದೆ. ತಲೆ ಒಳಗೆಳೆದುಕೊಂಡು ಉಸಿರಾಡಬೇಡಿ. ಬಿಸಿಲಿದ್ದಾಗ ಬ್ಯಾಗನ್ನು ತಿರುವಿ ಒಣಗಿಸಿ. ಡೌನ್ ಬ್ಯಾಗಿನ ಮೇಲೆ ಸಡಿಲವಾದ ಸಿಂಥೆಟಿಕ್ ಕ್ವಿಲ್ಟ್ (ತುಂಬಿದ ಹೊದಿಕೆ) ಹೊದ್ದರೆ ಆವಿ ಹೆಚ್ಚಾಗಿ ಕ್ವಿಲ್ಟ್‌ನಲ್ಲೇ ಹೆಪ್ಪುಗಟ್ಟುತ್ತದೆ. ಬಿಸಿಲೇ ಕಾಣದ ಕಡು ಚಳಿಯಲ್ಲಿ ಬ್ಯಾಗಿನೊಳಗೆ ಆವಿ ತಡೆಯುವ ಲೈನರ್ (ತೆಳು ಒಳಚೀಲ) ಹಾಕಿ ಅದರಲ್ಲಿ ಮಲಗುತ್ತಾರೆ. ಮೈ ಜಿಗುಟು ಅನಿಸುತ್ತದೆ, ಬ್ಯಾಗ್ ಮಾತ್ರ ಒಣಗಿರುತ್ತದೆ.

ಮನೆಯಲ್ಲಿ ಬ್ಯಾಗನ್ನು ಅದುಮಿ ಚೀಲಕ್ಕೆ ತುಂಬಿಡಬೇಡಿ, ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿಡಿ, ಇಲ್ಲವೇ ತೂಗುಹಾಕಿ.