ಅರಳೆಯ ಗಂಟು ಬಿಡಿಸಿದ್ದು

ಅರಳೆ ನಮ್ಮ ಮನೆಗೆ ಬಂದಾಗ ಅವಳಿಗೆ ಮೂರು ವರ್ಷ. ಊರು ಬಿಟ್ಟು ಹೊರಟ ಪರಿಚಯದವರು ಕೊಟ್ಟುಹೋದ ಕೆನೆಬಣ್ಣದ ಪರ್ಷಿಯನ್ ಬೆಕ್ಕು. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದು ಮುದಿಯಾದ ನಮ್ಮ ಮಾವನವರು ಅವಳನ್ನು ನೋಡಿದ ಕೂಡಲೇ ಈ ಹೆಸರಿಟ್ಟರು. ಹತ್ತಿಯ ಹಗುರವೇನೋ ಅವಳ ಬೆನ್ನ ಮೇಲಿತ್ತು. ಆದರೆ ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯಡಿ, ಹಿಂದೊಡೆಗಳಲ್ಲಿ ಕೂದಲು ಜಡೆಗಟ್ಟಿ ಚರ್ಮಕ್ಕೆ ಅಂಟಿಕೊಂಡಿತ್ತು. ಬಾಚಣಿಗೆ ಕಂಡರೆ ಮಂಚದಡಿ ಸೇರುತ್ತಿದ್ದಳು, ಎಳೆದರೆ ಪರಚುತ್ತಿದ್ದಳು.

ನಾನು ಮೊದಲು ಮಾಡಿದ್ದು ಎರಡು ತಪ್ಪು. ಏಪ್ರಿಲ್ ತಿಂಗಳು, ಹೊರಗೆ 38 ಡಿಗ್ರಿ ಬಿಸಿಲು. ಸ್ನಾನ ಮಾಡಿಸಿದರೆ ಗಂಟು ಮೆತ್ತಗಾಗುತ್ತದೆಂದು ಬಚ್ಚಲಿಗೆ ಒಯ್ದೆ. ಚಳ್ಳಕೆರೆ ಕಡೆಯ ಕುರಿಯುಣ್ಣೆ ಕಂಬಳಿ ಬಳಸುವವರಿಗೆ ಇದು ಗೊತ್ತಿರುತ್ತದೆ: ಉಣ್ಣೆಯನ್ನು ನೆನೆಸಿ ಉಜ್ಜಿದಷ್ಟೂ ಅದು ಬಿಗಿಯುತ್ತದೆ. ಬೆಕ್ಕಿನ ಸಿಕ್ಕುಗೂದಲೂ ಹಾಗೆಯೇ. ಒಣಗುವಷ್ಟರಲ್ಲಿ ಗಂಟುಗಳು ಇನ್ನೂ ಗಟ್ಟಿಯಾಗಿದ್ದವು.

ಎರಡನೆಯದನ್ನು ಬರೆಯಲು ಇಂದಿಗೂ ನೋವಾಗುತ್ತದೆ. ಯಜಮಾನರು ಟವೆಲ್ಲಿನಲ್ಲಿ ಸುತ್ತಿ ಹಿಡಿದರು, ನಾನು ಕತ್ತರಿ ಹಿಡಿದೆ. ಬಲ ಕಂಕುಳಿನ ಗಂಟಿಗೆ ಕತ್ತರಿ ಹಾಕಿದಾಗ ಅವಳು ಕೂಗಿದ ಕೂಗಿಗೆ ಕೈ ತಣ್ಣಗಾಯಿತು. ಗಂಟಿನ ಜೊತೆಗೆ ಚರ್ಮವೂ ಸೀಳಿತ್ತು.

ಪಶುವೈದ್ಯರು ಎರಡು ಹೊಲಿಗೆ ಹಾಕಿದರು. ಬೈಯಲಿಲ್ಲ. ಇನ್ನೊಂದು ಗಂಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, "ಇಲ್ಲಿ ನೋಡಿ ಅಮ್ಮ" ಎಂದರು. ಗಂಟಿನ ಜೊತೆ ಚರ್ಮವೂ ಗುಡಾರದಂತೆ ಮೇಲೆದ್ದಿತ್ತು. ಬೆಕ್ಕಿನ ಚರ್ಮ ತೆಳು, ಎಳೆದತ್ತ ಬರುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಬೆರಳಿಗೆ ಬಿಡಿಸಲಾಗದ ಗಂಟುಗಳನ್ನು ಮತ್ತೊಂದು ದಿನ ಮಂಪರು ಕೊಟ್ಟು ಅವರೇ ಮೆಷಿನ್ನಿನಲ್ಲಿ ತೆಗೆದರು. ಗಂಟಿನಡಿಯ ಚರ್ಮ ಕೆಂಪಗೆ ಹುಣ್ಣಾಗುವ ಹಂತದಲ್ಲಿತ್ತು. ಅಷ್ಟು ದಿನ ಅವಳು ಮೈ ಮುಟ್ಟಗೊಡದಿದ್ದುದನ್ನು ನಾವು ಹಟ ಎಂದುಕೊಂಡಿದ್ದೆವು. ಅವಳು ನೋವು ತಿನ್ನುತ್ತಿದ್ದಳು.

ಬೇಸಿಗೆಗೆಂದು ಮೈಯೆಲ್ಲ ಬೋಳಿಸಿಬಿಡಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಆ ಕೂದಲು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ. ಅವಳಿಗೆ ಬೇಕಾಗಿದ್ದುದು ಅಡುಗೆಮನೆಯ ತಣ್ಣನೆ ಕಡಪಾ ಕಲ್ಲು ಮತ್ತು ಎರಡು ಕಡೆ ಇಟ್ಟ ನೀರಿನ ಬಟ್ಟಲು.

ಕೂದಲು ಮತ್ತೆ ಬೆಳೆಯುವ ಮೊದಲೇ ಅವಳಿಗೆ ಬಾಚಣಿಗೆಯ ಭಯ ಬಿಡಿಸಬೇಕಿತ್ತು. ಮೊದಲ ವಾರ ಬಾಚಲೇ ಇಲ್ಲ. ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆಯನ್ನು ಅವಳ ಊಟದ ತಟ್ಟೆಯ ಪಕ್ಕ ನೆಲದ ಮೇಲಿಟ್ಟೆ, ಅಷ್ಟೇ. ಪ್ಲಾಸ್ಟಿಕ್ಕಿನದು ಬೇಡ. ನಮ್ಮೂರಿನ ಚಳಿಗಾಲದ ಒಣಹವೆಯಲ್ಲಿ ಅದು ಕೂದಲಿಗೆ ಚಟಚಟ ವಿದ್ಯುತ್ತು ಹೊಡೆಸುತ್ತದೆ, ಬೆಕ್ಕು ಬೆಚ್ಚುತ್ತದೆ. ಮೂರನೆಯ ದಿನ ಅವಳು ಬಾಚಣಿಗೆಯನ್ನು ಮೂಸಿದಳು. ಐದನೆಯ ದಿನ ತಾನಾಗಿಯೇ ಕೆನ್ನೆ ತಿಕ್ಕಿದಳು. ಆ ಕೆನ್ನೆಯಿಂದಲೇ ಶುರುಮಾಡಿದೆ. ಒಂದು ಸಲ ಸವರಿ, ನೆಕ್ಕುವ ತಿನಿಸಿನ ಟ್ಯೂಬನ್ನು ಮುಂದೆ ಹಿಡಿದೆ. ಮರುದಿನ ಎರಡು ಸಲ. ನೆಕ್ಕುತ್ತಿರುವಾಗ ಅವಳ ಗಮನವೆಲ್ಲ ನಾಲಗೆಯಲ್ಲಿರುತ್ತದೆ.

ಹೊತ್ತು ನೋಡಿಕೊಳ್ಳುವುದು ಮುಖ್ಯ. ಮಧ್ಯಾಹ್ನ ಉಂಡು ಕಲ್ಲಿನ ಮೇಲೆ ಮೈಚಾಚಿದಾಗ ನಾನೇ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಎತ್ತಿ ತರುವುದಿಲ್ಲ, ಕತ್ತು ಹಿಡಿಯುವುದಿಲ್ಲ. ಎರಡು ನಿಮಿಷ, ಹೆಚ್ಚೆಂದರೆ ಮೂರು. ನನ್ನ ಕಣ್ಣು ಬಾಚಣಿಗೆಗಿಂತ ಹೆಚ್ಚಾಗಿ ಅವಳ ಬಾಲದ ಮೇಲಿರುತ್ತದೆ. ಮೊದಲು ಬಾಲದ ತುದಿ ಮಾತ್ರ ಟಪ್ ಎಂದು ಒಂದು ಸಲ ನೆಲಕ್ಕೆ ಬಡಿಯುತ್ತದೆ. ಆಮೇಲೆ ಬೆನ್ನ ಚರ್ಮ ಅಲೆಯಂತೆ ಅದುರುತ್ತದೆ. ಕಿವಿ ಪಕ್ಕಕ್ಕೆ ತಿರುಗುತ್ತದೆ. ಪರಚುವುದು ಇವೆಲ್ಲ ಆದ ಮೇಲೆ. ಬಾಲದ ಮೊದಲ ಬಡಿತಕ್ಕೇ ಬಾಚಣಿಗೆ ಕೆಳಗಿಟ್ಟು ತಿನಿಸು ಕೊಟ್ಟೆ. ಒಂದು ತಿಂಗಳಲ್ಲಿ ಅವಳ ಉಗುರು ಒಳಗೇ ಉಳಿಯತೊಡಗಿತು. ಬೇಡವೆಂದರೆ ನಿಲ್ಲುತ್ತದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಹೊಸ ಗಂಟು ಬಿಡಿಸುವುದನ್ನು ಕಲಿಸಿದವರು ಮಾವನವರು. ನಾನು ಬುಡದಿಂದ ಬಾಚುತ್ತಿದ್ದೆ. "ತುದಿಯಿಂದ ಬಾರಮ್ಮ. ಬುಡದಿಂದ ಎಳೆದರೆ ಎಂಥ ನೂಲಾದರೂ ಸಿಕ್ಕಾಗುತ್ತದೆ" ಎಂದರು. ಈಗ ಎಡಗೈಯ ಎರಡು ಬೆರಳಿನಿಂದ ಗಂಟಿನ ಬುಡವನ್ನು ಚರ್ಮದ ಹತ್ತಿರ ಹಿಡಿದುಕೊಳ್ಳುತ್ತೇನೆ, ಎಳೆತ ಚರ್ಮಕ್ಕೆ ಹೋಗದಂತೆ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಗಂಟನ್ನು ಬೆರಳಲ್ಲಿ ಸೀಳುತ್ತೇನೆ. ಹತ್ತಿ ಪಿಂಜಿದಂತೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ತುದಿಯಿಂದ ಬಾಚಣಿಗೆ. ಇಲ್ಲಿ ಒಂದು ಮಾತು: ನಮ್ಮ ಕಡೆ ಜೋಳದ ಹಿಟ್ಟು ಎಂದರೆ ರೊಟ್ಟಿ ಹಿಟ್ಟು. ಅದಲ್ಲ, ಬೆಳ್ಳಗೆ ನುಣ್ಣಗಿರುವ ಮೆಕ್ಕೆಜೋಳದ ಪಿಷ್ಟ. ನಾಯಿಗಳ ಉಣ್ಣಿ, ಚಿಗಟಕ್ಕೆ ಹಾಕುವ ಪುಡಿಯನ್ನಂತೂ ಹತ್ತಿರ ತರಬೇಡಿ. ಅಂಥ ಹಲವು ಪುಡಿಗಳಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ವಿಷ.

ಬೆನ್ನು, ಕತ್ತು, ಬಾಲ ಈಗ ದಿನವೂ ಸುಲಭ. ಹೊಟ್ಟೆಗೆ ಇಬ್ಬರು ಬೇಕು: ಯಜಮಾನರು ಟ್ಯೂಬು ಹಿಡಿದು ಕೂರುತ್ತಾರೆ, ನಾನು ಪಕ್ಕದಿಂದ ಕೈ ತೂರಿಸುತ್ತೇನೆ. ಹೊಲಿಗೆ ಬಿದ್ದ ಬಲ ಕಂಕುಳಿಗೆ ಮಾತ್ರ ಬಾಚಣಿಗೆ ಸೋಕಿಸಲು ಅವಳು ಬಿಟ್ಟಿಲ್ಲ. ನಾನೂ ಕೇಳುವುದಿಲ್ಲ. ನಿದ್ದೆಗಣ್ಣಿನಲ್ಲಿ ಗುರುಗುಡುತ್ತಾ ಆ ಕಾಲನ್ನು ಸಡಿಲ ಬಿಟ್ಟಾಗ ಬೆರಳಿನಿಂದಲೇ ಬಿಡಿಸುತ್ತೇನೆ, ದಿನಕ್ಕೆ ನಾಲ್ಕೈದು ಎಳೆ.