ವಾಟ್ಸಪ್ ವಾಯ್ಸ್ ನೋಟ್ ಹಿಡಕೊಂಡು ಆಲ್ಬಮ್ ಮಾಡಿದ್ವಿ: ನನ್ನ ಅನುಭವ

ಎಂಟು ಹಾಡಿನ ಆಲ್ಬಮ್ ಹೊರಗ ಬಂದೈತಿ. ಎಂಟರಾಗೂ ಹಾಡಿದವ ನಮ್ಮ ರಾಕ್ ಬ್ಯಾಂಡಿನ ಗಾಯಕನ, ಅವ 2021ರ ಮೇದಾಗ ಕೊರೊನಾ ಎರಡನೇ ಅಲೆಯೊಳಗ ತೀರಿಕೊಂಡ. ಫೋನಿನ್ಯಾಗ ಗುನುಗಿದ್ದನ್ನ ತಗೊಂಡು ರಾಕ್ ಆಲ್ಬಮ್ ಆಗೂದಿಲ್ಲ ಅಂತ ಬೆಳಗಾವ್ಯಾಗ, ಹುಬ್ಬಳ್ಳ್ಯಾಗ, ಬೆಂಗಳೂರಾಗ ಎಲ್ಲಾ ಕಡೆ ಹೇಳಿಸ್ಕೊಂಡೇವಿ, ಅದಕ್ಕ ಹೆಂಗಾತು ಅಂತ ಬರ್ಯಾಕತ್ತೀನಿ. ರೆಕಾರ್ಡಿಂಗ್ ಸಾಮಾನು, ಮೈಕ್ ಇಡೂದು ಇಂಥಾ ಮೊದ್ಲನೇ ಪಾಠ ಬಿಡ್ತೀನಿ.

ಅವನ ಫೋನ್ ಕೇಳಾಕ ಅವನ ಅವ್ವಾರ ಮುಂದ ಹೋಗಿ ನಿಲ್ಲೂದಕ್ಕ ನನಗ ನಾಕೈದು ತಿಂಗಳ ಧೈರ್ಯ ಆಗ್ಲಿಲ್ಲ. ಹೋದ ಮ್ಯಾಲ ಅವ್ರು ಒಂದ ಮಾತು ಅಂದ್ರು, "ತಗೊಂಡು ಹೋಗಪಾ ತಮ್ಮಾ, ಚಾರ್ಜರ್ ಇಲ್ಲೇ ಐತಿ ನೋಡು." ಅದರಾಗ ಮತ್ತ ನಮ್ಮ ಗ್ರೂಪಿನ್ಯಾಗ ಕೂಡಿ ನಲವತ್ತರ ಆಜೂಬಾಜೂ ವಾಯ್ಸ್ ನೋಟ್ ಸಿಕ್ವು, ರಿಹರ್ಸಲ್ ರೆಕಾರ್ಡಿಂಗ್ ಒಂದ್ ಆರು. ಪೂರ್ತಿ ಹಾಡು ಅನ್ನೂವಂಥವು ಒಂಬತ್ತ. ಎಲ್ಲಾ ಮೊನೊ, ಗಿಟಾರ್ ಮತ್ತ ದನಿ ಒಂದ ಫೈಲಿನ್ಯಾಗ ಕಲ್ತಾವ, ಒಂದರಾಗ ಹಿಂದ ಕುಕ್ಕರ್ ಸೀಟಿ. ಕ್ವೀನ್ ಬ್ಯಾಂಡಿನವ್ರು ಫ್ರೆಡ್ಡಿ ಮರ್ಕ್ಯುರಿ 1991ರಾಗ ಹೋದ ಮ್ಯಾಲ ಅವ ಹಾಡಿ ಇಟ್ಟಿದ್ದನ್ನ ಹಿಡಕೊಂಡು 1995ರಾಗ ಆಲ್ಬಮ್ ತಂದ್ರಲ್ಲ ಅಂತ ಎಲ್ರೂ ಧೈರ್ಯ ಹೇಳಾವ್ರು, ಖರೆ, ಆದ್ರ ಅವ್ರ ಹಂತ್ಯಾಕ ಸ್ಟುಡಿಯೋದಾಗ ಹಾಡಿಸಿದ ಟೇಪ್ ಇದ್ದುವು, ನಮ್ಮ ಹಂತ್ಯಾಕ ಅಡಗಿಮನಿ ಇತ್ತು.

ಮೊದ್ಲನೇ ವರ್ಷ ಬರೇ ರೊಕ್ಕ ಹೋತು. ಬ್ಯಾರೆ ಹುಡುಗನ ಕಡಿಂದ ಹಾಡಿಸಿ ನೋಡಿದ್ವಿ, ಆರು ಸಾವಿರ ಕೊಟ್ವಿ, ಹುಡುಗ ಚೊಲೊ ಹಾಡ್ದ, ಸ್ವರ ನಮ್ಮವನಕಿಂತ ಪಕ್ಕಾ, ಆದ್ರ ಮೂರನೇ ಹಾಡಿಗೆ ನಮ್ಮ ಬೇಸ್ ಬಾರ್ಸಾಂವ ಗಿಟಾರ್ ಕೆಳಗಿಟ್ಟು ಎದ್ದು ಹೊರಗ ಹೋದ, ಅವತ್ತ ಅದು ಮುಗೀತು. ಆಮ್ಯಾಲ ಬೆಂಗಳೂರಾಗ ಒಂದು ಸ್ಟುಡಿಯೋಕ್ಕ ಫೈಲ್ ಕೊಟ್ವಿ, ಎರಡು ದಿನಕ್ಕ ಇಪ್ಪತ್ತೆರಡು ಸಾವಿರದಷ್ಟು. ಅವ್ರು ದನಿನ ಗ್ರಿಡ್ಡಿಗೆ, ಅಂದ್ರ ಕಂಪ್ಯೂಟರಿನ ಒಂದ ಸಮ ತಾಳದ ಗೆರಿಗೆ ಎಳದ್ರು, ಪಿಚ್ (ಸ್ವರ) ತಿದ್ದಿದ್ರು. ನಮ್ಮವಗ ಸಾಲಿನ ಕಡೀ ಶಬ್ದ ತಡಾ ಮಾಡಿ ಬಿಡೂ ಚಟ ಇತ್ತು, ಅದನ್ನ ತಪ್ಪು ಅಂತ ತಿಳದು ಎಲ್ಲಾ ಸಾಲೂ ಸರಳ ಮಾಡಿಟ್ಟಿದ್ರು. ಬರೂ ಮುಂದ ಕಾರಿನ್ಯಾಗ ಒಂದ್ಸಲ ಹಚ್ಚಿದ್ವಿ, ಚಿತ್ರದುರ್ಗ ದಾಟೂತನ ಯಾರೂ ಮಾತಾಡ್ಲಿಲ್ಲ.

ಅಲ್ಲಿಂದ ನಾನು ತಿರುವ್ಯಾಕಿದ್ದು ಇದು: ಅವನ ದನಿ ಮುಟ್ಟೂದ ಬ್ಯಾಡ, ನಾವ ಅವನ ಕಡೆ ಹೋಗೂದು. ರೀಪರ್ ಅನ್ನೂ ರೆಕಾರ್ಡಿಂಗ್ ಸಾಫ್ಟ್‌ವೇರಿನ್ಯಾಗ ಅವನ ಗಿಟಾರಿನ ಹೊಡತಾ ನೋಡಿ ತಾಳದ ಪ್ರತಿ ಆವರ್ತಕ್ಕೊಂದು ಟೆಂಪೋ ಮಾರ್ಕರ್ (ವೇಗದ ಗುರ್ತು) ಹಾಕಿದ್ನಿ, ಒಂದು ಹಾಡಿಗೆ ನೂರು ಚಿಲ್ರೆ ಮಾರ್ಕರ್, ಎರಡು ರಾತ್ರಿ. ಒಂದು ಹಾಡು ನಿಮಿಷಕ್ಕ 92 ಬೀಟಿಗೆ (ಬಿಪಿಎಮ್) ಸುರು ಆಗಿ ಪಲ್ಲವಿಗೆ ಬಂದ್ರ 97. ಗ್ರಿಡ್ ಅವನ ಸಂಗಟ ಬಾಗತೈತಿ, ಅವ ಗ್ರಿಡ್ ಸಂಗಟ ಬಾಗೂದಿಲ್ಲ. ಇದರ ಮ್ಯಾಲ ಡ್ರಮ್ ಬಾರ್ಸಾಕ ಆಗಂಗಿಲ್ಲ ಅಂತ ನಮ್ಮ ಡ್ರಮ್ಮರನ ಅಂದ, ಒಂದು ತಿಂಗಳ ಆಗ್ಲೂ ಇಲ್ಲ, ಹೆಡ್‌ಫೋನಿನ್ಯಾಗ ತಾಳ ತೋರ್ಸೂ ಕ್ಲಿಕ್ ಹಿಂಗ ಅಲ್ಲಾಡೂದ ಕೇಳಿ ಅವನ ಕೈ ಹೆದರತಿತ್ತು. ಕಡೀಕ ಕ್ಲಿಕ್ ಪೂರಾ ತಗದು ಎಂಟೂ ಹಾಡು ಬಾಯಿಪಾಠ ಮಾಡು ಅಂದ್ನಿ. ಅವ ಹಾಡಕೋತ ಬಾರಿಸಿದ, ಮೂರನೇ ಟೇಕ್ ಕುಂತಬಿಡ್ತು. ಆ ಟೇಕ್ ಈಗ ನಾಕನೇ ಹಾಡಿನ್ಯಾಗ ಹಂಗ ಐತಿ, ಒಂದೂ ಎಡಿಟ್ ಇಲ್ಲ.

ಶ್ರುತೀನೂ ಹಂಗ. ಅವ ಟ್ಯೂನರ್ ಹಚ್ಚತಿರ್ಲಿಲ್ಲ, ಮೂರು ಹಾಡು ಅರ್ಧ ಸ್ವರದ ಪಾವು ಭಾಗಕಿಂತ ಜಾಸ್ತೀನ ಕೆಳಗದಾವ. ನಾವ ಟ್ಯೂನರ್ ಎಲ್ಲಾರೂ ಇಡೂ 440 ಹರ್ಟ್ಸ್ ಬದ್ಲಿ 433ರ ಹತ್ರ ಇಟ್ಟು ಎಲ್ಲಾ ತಂತಿ ಇಳಿಸಿದ್ವಿ. ಗಿಟಾರಿನಿಂದ ದನಿ ಬ್ಯಾರೆ ಮಾಡಾಕ ಫ್ರೀ ಸಿಗೂ ಡೆಮ್ಯೂಕ್ಸ್ ಸಾಫ್ಟ್‌ವೇರ್ ಸಾಕು, ಆದ್ರ ಹಿಂದ ಅವನ ಗಿಟಾರಿನ ಭೂತ ಉಳಿತೈತಿ. ಅದನ್ನ ತಗ್ಯಾಕ ಹೋಗಬ್ಯಾಡ್ರಿ, ದನಿ ಹರಕ ಆಗತೈತಿ. ಅವನ ಸ್ಟ್ರೋಕ್ ಹಂಗಿಂದ ಹಂಗ ಕಲ್ತು ಅದರ ಮ್ಯಾಲ ನಾನ ಮತ್ತ ಬಾರಿಸಿದ್ನಿ, ಭೂತ ಒಳಗ ಮುಚ್ಚಿ ಹೋತು. ನಮ್ಮ ವಾಯ್ಸ್ ನೋಟಿನ್ಯಾಗ ಎಂಟು ಕಿಲೋಹರ್ಟ್ಸ್ ಮ್ಯಾಲಿನ ಚೂಪು ಸಪ್ಪಳ ಏನೂ ಇರ್ಲಿಲ್ಲ, ಕೌದಿ ಹೊಚ್ಚಿ ಹಾಡಿದಂಗ. ಆ ಮ್ಯಾಲಿನ ಗಾಳಿ ಹೆಂಗ ತುಂಬಿದ್ನಿ ಅನ್ನೂದು ಇಲ್ಲಿ ಬರ್ಯಾಂಗಿಲ್ಲ, ಅದಕ್ಕ ನನ್ನ ಆರು ತಿಂಗಳ ಹೋಗ್ಯಾವ. ಪುಣೇದ ಒಬ್ಬ ಮಿಕ್ಸಿಂಗ್ ಮಾಡಾಂವ ಕೇಳಿ ಇದು ಯಾವ ಮೈಕ್ ಅಂದ, ಅಷ್ಟ ಹೇಳ್ತೀನಿ.

ಡ್ರಮ್ ರೆಕಾರ್ಡ್ ಆಗಿದ್ದು ಬೆಳಗಾವಿಯ ಕಾರ್ಖಾನಿ ಏರಿಯಾ ಉದ್ಯಮಬಾಗದಾಗ ಗೆಳ್ಯಾನ ಶೆಡ್ಡಿನ್ಯಾಗ, ಐತವಾರ ಅಷ್ಟ, ಉಳಿದ ದಿನ ಆಜೂಬಾಜೂ ಫೌಂಡ್ರಿ ಸಪ್ಪಳ. ಗ್ವಾಡಿಗೆ ಅವ್ವಾರು ಹೊಲಿದಿಟ್ಟ ಹಳೇ ಕೌದಿ ಹತ್ತ ಹನ್ನೆರಡು ಕಟ್ಟಿದ್ವಿ, ಫೋಮಿನಕಿಂತ ಚೊಲೊ ಕೆಲಸ ಮಾಡತಾವ, ನೂಲಿನ ಹಳೇ ಸೀರಿದು ಇರಬೇಕು. ಬೆಳಗಾವಿ ಮಳಿ ನಿಮಗ ಗೊತ್ತ ಐತಿ, ಜುಲೈ ಪೂರಾ ಪತ್ರಾಸಿನ ಮ್ಯಾಲ ಧೋ ಅಂತ ಸುರೀತು, ಒಂದು ತಿಂಗಳ ಹಾಳಾತು. ಅದ ಟೈಮಿನ್ಯಾಗ ಒಂದು ಹಾಡಿಗೆ ಹಲಗಿ ಹಾಕೂಣು ಅಂತ ಕರಿಸಿದ್ವಿ, ಥಂಡಿಗೆ ಚರ್ಮ ಸಡ್ಲ, ಬೆಂಕಿ ಕಾಸಿ ತಂದ್ರ ಎರಡನೇ ಟೇಕಿಗೆ ಮತ್ತ ಇಳೀತಿತ್ತು. ಮಾರ್ಚ್ ತನ ಕಾದು ಬಿಸಲಾಗ ಮಾಡಿದ್ವಿ, ಒಂದು ತಾಸಿನ್ಯಾಗ ಮುಗೀತು.

ಇನ್ನೊಂದು ಹುಚ್ಚು ಪ್ರಯೋಗ ಗೋಲಗುಮ್ಮಟದ್ದು. ಮುಂಜಾನೆ ಮಂದಿ ಬರೂಕಿಂತ ಮೊದ್ಲ ಮ್ಯಾಲ ಹೋಗಿ ಪಿಸುಗುಟ್ಟೂ ಗ್ಯಾಲರ‍್ಯಾಗ ಒಂದ ಚಪ್ಪಾಳಿ ಹೊಡದು ಫೋನಿನ್ಯಾಗ ಹಿಡದೆ, ಅದನ್ನ ಹಾಡಿಗೆ ಹಚ್ಚೂ ರಿವರ್ಬ್ (ಗುಂಯ್ ಅನ್ನೂ ಪ್ರತಿಧ್ವನಿ) ಮಾಡ್ಬೇಕಂತ. ಬಾಕಿ ಹಾಡಿಗೆ ಕೂಡ್ಲಿಲ್ಲ, ಪ್ರತಿಧ್ವನಿ ತಾಳ ಕೆಡಸತಿತ್ತು. ಆಮ್ಯಾಲ ಲೆಕ್ಕ ಹಾಕಿದೆ: ಒಳಗಿನ ವ್ಯಾಸ ಸುಮಾರು 38 ಮೀಟರ್, ಸಪ್ಪಳ ಎದುರು ಗ್ವಾಡಿಗೆ ಹೋಗಿ ಬರಾಕ 0.22 ಸೆಕೆಂಡ್, ಅಂದ್ರ 68 ಬಿಪಿಎಮ್ ಹಾಡಿನ್ಯಾಗ ಪಕ್ಕಾ ಒಂದು ಸಿಕ್ಸ್‌ಟೀಂತ್ ನೋಟ್, ಬೀಟಿನ ಪಾವು ಭಾಗ. ನಮ್ಮ ಏಳನೇ ಹಾಡು 67-69ರ ನಡುವ ಐತಿ. ಅದರ ಸ್ನೇರ್ ಡ್ರಮ್ ಮ್ಯಾಲ ಅಷ್ಟ ಹಾಕೀನಿ, ಹೆಡ್‌ಫೋನ್ ಹಚ್ಚಿ ಕೇಳ್ರಿ.

ಒಟ್ಟ ಖರ್ಚು ಲಕ್ಷಾ ಹತ್ತ ಸಾವಿರದ ಮ್ಯಾಲ ಸ್ವಲ್ಪ, ಅದರಾಗ ನಲವತ್ತು ಸಾವಿರಾರೆ ತಪ್ಪಿಗೆ ಹೋಗಿದ್ದು. ಮಾಸ್ಟರಿಂಗ್, ಅಂದ್ರ ಬಿಡುಗಡೆಗೆ ಮುಂಚಿನ ಕಡೀ ಪಾಲಿಶ್, ಹಾಡಿಗೆ ಎರಡೂವರಿ ಸಾವಿರ.

ಎಲ್ಲಾ ಮುಗದ ಮ್ಯಾಲ ಬಿಡುಗಡೆಗೆ ಮುಂಚೆ ಅವ್ವಾರಿಗೆ ಕೇಳಿಸಾಕ ಹೋದ್ವಿ. ಕಣ್ಣ ಮುಚ್ಚಿ ಕುಂತಿದ್ರು. ಆರನೇ ಹಾಡು ಬಂದಾಗ ಕಣ್ಣ ತಗದು, "ಇಲ್ಲಿ ಯಾಕೋ ಅವನ ದನಿ ಬ್ಯಾರೆ ಬಂದೈತಲ್ಲಪಾ" ಅಂದ್ರು. ಅದರಾಗ ಒಂದ ಒಂದು ಸಾಲು ಯಾರಿಗೂ ಹೇಳ್ದ ನಾನು ಪಿಚ್ ತಿದ್ದಿದ್ನಿ, ಬ್ಯಾಂಡಿನವ್ರಿಗೂ ಗೊತ್ತಿರ್ಲಿಲ್ಲ. ಅವತ್ತ ರಾತ್ರಿನ ತಗದ್ನಿ, ಮತ್ತೊಮ್ಮಿ ಮಿಕ್ಸ್, ಮತ್ತೊಮ್ಮಿ ಎರಡೂವರಿ ಸಾವಿರ. ಆ ಸಾಲಿನ್ಯಾಗ ಅವ ಸ್ವಲ್ಪ ಇಳದಾನ, ಹಂಗ ಬಿಟ್ಟೇವಿ.