ಕ್ರಿಸ್ಮಸ್ ಕುಸ್ವಾರ್‌ಗೆ ಕಿಡಿಯೊ ಮಾಡೋದು ಹೇಗೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಬೇಳದ ಕಡೆ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ ಅಂದ್ರೆ ಕುಸ್ವಾರ್, ಅಂದ್ರೆ ಹಬ್ಬಕ್ಕೆ ಮಾಡಿ ಹಂಚುವ ಬಗೆಬಗೆಯ ತಿಂಡಿಗಳು. ನೆವ್ರಿ (ಕರ್ಜಿಕಾಯಿಯಂಥದ್ದು), ಗುಲಾಬಿ ಹೂವು (ಹೂವಿನ ಅಚ್ಚಿನಲ್ಲಿ ಕರಿದ ತಿಂಡಿ), ಚಕ್ಕುಲಿ ಎಲ್ಲಾ ಇರುತ್ತದೆ. ಆದ್ರೆ ಮೊದಲ ಸಲ ಮಾಡುವವರು ಕಿಡಿಯೊದಿಂದಲೇ, ಅಂದ್ರೆ ಸಕ್ಕರೆ ಪಾಕ ಹಿಡಿಸಿದ ಚಿಕ್ಕ ಸುರುಳಿ ತಿಂಡಿಯಿಂದಲೇ ಶುರು ಮಾಡಿ, ಮಕ್ಕಳೂ ಕೈ ಹಾಕಬಹುದು.

ಅರ್ಧ ಕೆಜಿ ಮೈದಾಕ್ಕೆ ಒಂದು ಮೊಟ್ಟೆ, ಎರಡು ಚಮಚ ತುಪ್ಪ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು. ನೀರು ಬೇಡ, ಗಟ್ಟಿ ತೆಂಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಪೂರಿ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ರುಚಿ ಬರೋದೇ ಆ ತೆಂಗಿನ ಹಾಲಿನಿಂದ, ಪ್ಯಾಕೆಟ್ ಹಾಲಿಗಿಂತ ಮನೆಯಲ್ಲೇ ತುರಿದು ಹಿಂಡಿದ್ದು ಎಷ್ಟೋ ಚೆನ್ನ.

ಚಿಕ್ಕ ಉಂಡೆ ಮಾಡಿ, ಫೋರ್ಕಿನ ಹಿಂಬದಿಗೆ ಅಥವಾ ಹೊಸ ಬಾಚಣಿಗೆಗೆ ಹೆಬ್ಬೆರಳಿನಿಂದ ತೆಳ್ಳಗೆ ಒತ್ತಿ ಸುರುಳಿ ಸುತ್ತಿ. ದಪ್ಪ ಆದ್ರೆ ಒಳಗೆ ಬೇಯುವುದಿಲ್ಲ. ತೆಂಗಿನೆಣ್ಣೆಯಲ್ಲಿ, ಮಧ್ಯಮ ಉರಿಯಲ್ಲಿ, ಹೊಂಬಣ್ಣ ಬರುವ ತನಕ ಕರಿಯಿರಿ.

ಪೂರ್ತಿ ಆರಿದ ಮೇಲೆ ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿ, ಒಲೆ ಆರಿಸಿ, ಪಾಕ ಬೆಳ್ಳಗೆ ಅಂಟುವವರೆಗೆ ಬಿಡದೆ ಕೈಯಾಡಿಸಿ. ಗಾಳಿ ಹೋಗದ ಡಬ್ಬಿಗೆ ತುಂಬಿಡಿ. ಅಕ್ಕಪಕ್ಕದ ಮನೆಗಳಿಗೆ ಹಂಚಲು ಮೊದಲೇ ತೆಗೆದಿಡಿ, ಇಲ್ಲಾಂದ್ರೆ ಹಬ್ಬದ ತನಕ ಉಳಿಯೋದಿಲ್ಲ.